ಲಾರಿಯ ರೇಡಿಯೇಟರ್: ನೀರು ನೋಡುವ ಕೆಲಸ ಯಾರದು?



ಸಂಘದ ಸಾಲದಲ್ಲಿ ಹಸು ಕೊಂಡವರಿಗೆ ಕೆಚ್ಚಲು ಬಾವು ಬಂದರೆ ಏನು ಮಾಡಬೇಕು ಅಂತ ಗೊತ್ತು. ಹೊಲಿಗೆ ಯಂತ್ರ ಕೊಂಡವರು ವಾರಕ್ಕೊಮ್ಮೆ ಎಣ್ಣೆ ಬಿಡುತ್ತಾರೆ. ಆದರೆ ಅದೇ ಸಾಲದಲ್ಲಿ ಮನೆಗೊಂದು ಗೂಡ್ಸ್ ಗಾಡಿ ಬಂತೆಂದರೆ ಅದು ಗಂಡಸರ ವಿಷಯ ಅಂತ ನಾವು ದೂರ ನಿಂತುಬಿಡುತ್ತೇವೆ. ಸಾಲದ ಪತ್ರಕ್ಕೆ ಸಹಿ ಹಾಕಿದವರು ಮಾತ್ರ ನಾವೇ. ಕಂತು ತಪ್ಪಿದರೆ ಸಭೆಯಲ್ಲಿ ತಲೆ ತಗ್ಗಿಸಿ ಕೂರುವವರೂ ನಾವೇ.

ನಾನು ಹಾಗೆ ಕೂತಿದ್ದೇನೆ. ಅದಕ್ಕೇ ಈ ಪಾಠ ಬರೆಯುತ್ತಿದ್ದೇನೆ.

ನಮ್ಮದು ಹಾಸನದ ಕಡೆಯ ಹಳ್ಳಿ. 2018ರಲ್ಲಿ ಸಂಘದಿಂದ ಮತ್ತು ಬ್ಯಾಂಕಿನಿಂದ ಸಾಲ ಮಾಡಿ ಒಂದು ಹಳೆಯ 407 ಕೊಂಡೆವು. ನಮ್ಮ ಯಜಮಾನರು ತರಕಾರಿ, ಶುಂಠಿ ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗೋರು, ಬರುವಾಗ ತೆಂಗಿನಕಾಯಿಯೋ ಮತ್ತೊಂದೋ ಲೋಡು ಸಿಕ್ಕಿದರೆ ಹೇರಿಕೊಂಡು ಬರೋರು. ಬೆಳಿಗ್ಗೆ ಗಾಡಿ ಹೊರಡುವ ಮೊದಲು ರೇಡಿಯೇಟರಿಗೆ ನೀರು ಬೇಕು ಅಂದರೆ ನಾನೇ ಬೋರ್‌ವೆಲ್ ನಲ್ಲಿಯಿಂದ ಕೊಡಪಾನದಲ್ಲಿ ಹಿಡಿದು ಕೊಡುತ್ತಿದ್ದೆ. ಮೊದಮೊದಲು ಹದಿನೈದು ದಿನಕ್ಕೊಮ್ಮೆ ಒಂದು ಚೊಂಬು ಸಾಕಾಗುತ್ತಿತ್ತು. ಆಮೇಲೆ ವಾರಕ್ಕೊಮ್ಮೆ ಬೇಕಾಯಿತು. ಒಂದು ವರ್ಷ ಕಳೆಯೋ ಹೊತ್ತಿಗೆ ದಿನಾ ಅರ್ಧ ಕೊಡ. ಹಳೇ ಗಾಡಿ, ನೀರು ಜಾಸ್ತಿ ಕುಡಿಯುತ್ತೆ ಅಂತ ಇಬ್ಬರೂ ನಕ್ಕು ಸುಮ್ಮನಾದೆವು.

2019ರ ಮಾರ್ಚ್ ತಿಂಗಳು. ತುಂಬಿದ ಲೋಡಿನಲ್ಲಿ ಗುಂಡ್ಯ ದಾಟಿ ಘಾಟಿ ಹತ್ತುವಾಗ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ಅವರು ನಿಲ್ಲಿಸಿ, ಹಳ್ಳದ ನೀರು ತಂದು ಹೊಯ್ದು ಮತ್ತೆ ಹೊರಟರು. ಸಕಲೇಶಪುರ ಇನ್ನೂ ದೂರ ಇರುವಾಗಲೇ ಇಂಜಿನ್ ನಿಂತಿತು. ಹೆಡ್ ಗ್ಯಾಸ್ಕೆಟ್ ಸುಟ್ಟು, ಇಂಜಿನ್ನಿನ ಹೆಡ್ಡು ಸೊಟ್ಟಗಾಗಿತ್ತು. ರಿಪೇರಿ, ಗಾಡಿ ಎಳೆಸಿದ್ದು, ಲೋಡಿನ ನಷ್ಟ ಎಲ್ಲಾ ಸೇರಿ ಅರವತ್ತು ಸಾವಿರದ ಹತ್ತಿರ ಹೋಯಿತು. ಗಾಡಿ ಒಂದು ತಿಂಗಳು ನಿಂತಿತ್ತು. ಸಂಘದಲ್ಲಿ ಮೂರು ಕಂತು ತಪ್ಪಿತು.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಹುಡುಗ ರೇಡಿಯೇಟರಿನ ಮೇಲಿನ ತೊಟ್ಟಿ ಬಿಚ್ಚಿ ನನ್ನನ್ನು ಕರೆದ. "ಅಕ್ಕಾ, ಇಲ್ಲಿ ನೋಡಿ. ಇದೇನು ಗೊತ್ತಾ? ನಿಮ್ಮನೆ ಬೋರ್ ನೀರು." ಒಳಗಿನ ಸಣ್ಣ ಕೊಳವೆಗಳ ಬಾಯಿ ಅರ್ಧಕ್ಕರ್ಧ ಸುಣ್ಣ ಮೆತ್ತಿದ ಹಾಗೆ ಬೆಳ್ಳಗೆ ಮುಚ್ಚಿಹೋಗಿತ್ತು. ಅದನ್ನು ನಾನು ಬೇರೆ ಕಡೆ ನೋಡಿದ್ದೆ. ನಮ್ಮ ಬಚ್ಚಲು ಮನೆಯ ಹಂಡೆಯ ಒಳಗೆ.

ರೇಡಿಯೇಟರ್ ಏನು ಮಾಡುತ್ತದೆ?

ಇಂಜಿನ್ನಿನಲ್ಲಿ ಡೀಸೆಲ್ ಉರಿದಾಗ ಬರುವ ಶಾಖದಲ್ಲಿ ಗಾಡಿ ಓಡಿಸಲು ಬಳಕೆಯಾಗುವುದು ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ. ಇನ್ನೊಂದು ಪಾಲು ಹೊಗೆಯ ಜೊತೆ ಹೋಗುತ್ತದೆ. ಉಳಿದ ಶಾಖವನ್ನು ಹೊರಗೆ ಸಾಗಿಸದಿದ್ದರೆ ಕಬ್ಬಿಣವೇ ಹಿಗ್ಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಆದ್ದರಿಂದ ಇಂಜಿನ್ನಿನ ಗೋಡೆಯೊಳಗೆ ನೀರು ಹರಿಯುವ ದಾರಿ ಇಟ್ಟಿದ್ದಾರೆ. ವಾಟರ್ ಪಂಪು ನೀರನ್ನು ಸುತ್ತಿಸುತ್ತದೆ. ಇಂಜಿನ್ನಿನಲ್ಲಿ ಬಿಸಿಯಾದ ನೀರು ಮೇಲಿನ ರಬ್ಬರ್ ಪೈಪಿನಿಂದ ರೇಡಿಯೇಟರಿಗೆ ಬಂದು, ನೂರಾರು ತೆಳು ತಗಡಿನ ಎಲೆಗಳ ನಡುವಿನ ಕೊಳವೆಗಳಲ್ಲಿ ಇಳಿದು, ಗಾಳಿಗೆ ತಣ್ಣಗಾಗಿ ಕೆಳಗಿನ ಪೈಪಿನಿಂದ ಮತ್ತೆ ಇಂಜಿನ್ನಿಗೆ ಹೋಗುತ್ತದೆ. ಬಿಸಿ ಹಾಲನ್ನು ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ದು ಆರಿಸುತ್ತೇವಲ್ಲ, ಅದೇ ಕೆಲಸ.

ಘಾಟಿ ಹತ್ತುವಾಗಲೇ ಯಾಕೆ ಕೈ ಕೊಡುತ್ತದೆ ಅಂದರೆ, ಆಗ ಇಂಜಿನ್ನಿಗೆ ದುಡಿಮೆ ಜಾಸ್ತಿ, ಗಾಡಿ ಮಾತ್ರ ನಿಧಾನ. ಮುಂದಿನಿಂದ ನುಗ್ಗುವ ಗಾಳಿ ಇಲ್ಲ, ಫ್ಯಾನೊಂದೇ ಗತಿ. ಬಯಲಿನಲ್ಲಿ ಹೇಗೋ ಓಡುತ್ತಿದ್ದ ಅರ್ಧ ಮುಚ್ಚಿದ ರೇಡಿಯೇಟರ್ ಅಲ್ಲಿ ಸಿಕ್ಕಿಬೀಳುತ್ತದೆ. ಓವರ್‌ಲೋಡ್ ಮಾಡಿದರೆ ಕೇಳುವುದೇ ಬೇಡ.

ಇನ್ನು ಮುಚ್ಚಳ. ಇದು ಬರೀ ಮುಚ್ಚಳ ಅಲ್ಲ, ನಮ್ಮ ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಹಾಸನ, ಸಕಲೇಶಪುರದಂಥ ಎತ್ತರದ ಜಾಗದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಇಂಜಿನ್ನಿನ ನೀರು ಸಾಮಾನ್ಯವಾಗಿ 80ರಿಂದ 95 ಡಿಗ್ರಿಯಲ್ಲಿ ಇರುವಂಥದ್ದು. ಅಂದರೆ ಕುದಿಯುವುದಕ್ಕೆ ಕೂದಲೆಳೆ ದೂರ. ಮುಚ್ಚಳ ಒತ್ತಡ ಹಿಡಿದಿಡುವುದರಿಂದ ನೀರು ಕುದಿಯುವುದು ಇನ್ನೂ ಇಪ್ಪತ್ತು ಡಿಗ್ರಿಯಷ್ಟು ಮುಂದಕ್ಕೆ ಹೋಗುತ್ತದೆ. ಮುಚ್ಚಳದ ರಬ್ಬರ್ ಹರಿದರೆ ಅಥವಾ ಸ್ಪ್ರಿಂಗ್ ಸಡಿಲವಾದರೆ ಗ್ಯಾಸ್ಕೆಟ್ ಹೋದ ಕುಕ್ಕರಿನ ಹಾಗೆ ಪುಸಪುಸ ಅಂತ ಆವಿ ಬಿಟ್ಟು ನೀರು ಖಾಲಿಯಾಗುತ್ತದೆ. ಇಡೀ ರೇಡಿಯೇಟರಿಗೆ ಹೋಲಿಸಿದರೆ ಮುಚ್ಚಳದ ಬೆಲೆ ಏನೂ ಅಲ್ಲ. ಆದರೆ ಹೊಸದು ತರುವಾಗ ಹಳೆಯದರ ಮೇಲೆ ಬರೆದಿರುವ ಒತ್ತಡದ ಅಂಕಿಯೇ ಇರಬೇಕು.

ಒಂದು ಎಚ್ಚರಿಕೆ. ಇದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ.

ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಬಾರದು. ಕುಕ್ಕರ್ ಕೂಗುತ್ತಿರುವಾಗ ಯಾರಾದರೂ ಮುಚ್ಚಳ ಎಳೆಯುತ್ತೇವಾ? ಒತ್ತಡದಲ್ಲಿದ್ದ ನೀರು ಒಮ್ಮೆಲೇ ಕುದಿದು ಮುಖ, ಕುತ್ತಿಗೆ, ಎದೆಗೆ ಹಾರುತ್ತದೆ. ಎಷ್ಟೋ ಡ್ರೈವರುಗಳ ಮೈಮೇಲೆ ಈ ಗುರುತು ಇದೆ. ಕನಿಷ್ಠ ಅರ್ಧ ಗಂಟೆ, ಗಾಡಿ ತುಂಬಾ ಕಾದಿದ್ದರೆ ಒಂದು ಗಂಟೆಯಾದರೂ ಬಿಡಬೇಕು. ಮೇಲಿನ ರಬ್ಬರ್ ಪೈಪನ್ನು ಹುಷಾರಾಗಿ ಮುಟ್ಟಿ ನೋಡಿ. ಪೈಪು ತಣ್ಣಗಾಗಿ, ಹಿಸುಕಿದರೆ ಮೆತ್ತಗಿದ್ದರೆ ಆಗ ದಪ್ಪ ಬಟ್ಟೆ ಹಾಕಿ, ಮುಖ ದೂರ ಹಿಡಿದು, ಮುಚ್ಚಳವನ್ನು ಸ್ವಲ್ಪ ಮಾತ್ರ ತಿರುಗಿಸಿ ಆವಿ ಹೋಗಲು ಬಿಡಿ. ಆಮೇಲೆ ಪೂರ್ತಿ ತೆಗೆಯಿರಿ. ಯಾರಿಗಾದರೂ ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಟ್ಟು ಆಸ್ಪತ್ರೆಗೆ ಹೋಗಿ. ಪೇಸ್ಟು, ಇಂಕು, ಅರಿಶಿನ ಏನೂ ಹಚ್ಚಬೇಡಿ.

ಇನ್ನೊಂದು ನಮ್ಮ ಉಡುಪಿನ ಮಾತು. ಇಂಜಿನ್ ಓಡುವಾಗ ಬಾನೆಟ್ ಹತ್ತಿರ ಬಗ್ಗುವುದಾದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ವೇಲ್ ತೆಗೆದಿಡಿ, ಜಡೆ ಮೇಲೆ ಕಟ್ಟಿ. ಬೆಲ್ಟಿಗೆ ಸಿಕ್ಕಿದ ಬಟ್ಟೆಯನ್ನು ಎಳೆದುಕೊಳ್ಳಲು ಸಮಯ ಇರುವುದಿಲ್ಲ. ಕೆಲವು ಸಣ್ಣ ಗಾಡಿಗಳಲ್ಲಿ ಕರೆಂಟಿನ ಫ್ಯಾನು ಇರುತ್ತದೆ. ಇಂಜಿನ್ ಆರಿಸಿದ ಮೇಲೂ ಅದು ತಾನಾಗೇ ತಿರುಗಬಹುದು. ಕೀ ತೆಗೆದು, ಇಂಜಿನ್ ಆರಿದ ಮೇಲೆ ಕೈ ಹಾಕಿ.

ಯಾವ ನೀರು?

ನಮ್ಮ ತಪ್ಪು ಇಲ್ಲೇ ಆಗಿದ್ದು. ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಕರಗಿರುತ್ತದೆ. ಇದಕ್ಕೆ ಗಡಸು ನೀರು ಅನ್ನುತ್ತಾರೆ. ಕಾಯಿಸಿದಾಗ ಆ ಸುಣ್ಣ ಬೇರೆಯಾಗಿ ಪಾತ್ರೆಗೆ ಅಂಟುತ್ತದೆ. ಹಂಡೆಯಲ್ಲಿ ಹಕ್ಕಳೆ ಕಟ್ಟಿದರೆ ಸೌದೆ ಜಾಸ್ತಿ ಬೇಕು, ನೀರು ಬೇಗ ಕಾಯುವುದಿಲ್ಲ. ಯಾಕೆಂದರೆ ಆ ಪದರ ಶಾಖವನ್ನು ದಾಟಲು ಬಿಡುವುದಿಲ್ಲ. ರೇಡಿಯೇಟರಿನಲ್ಲೂ ಹಾಗೇ. ಕೊಳವೆ ಕಿರಿದಾಗುವುದು ಒಂದು ಕಷ್ಟವಾದರೆ, ನೀರಿನ ಶಾಖ ತಗಡಿಗೆ ಹೋಗದೇ ಇರುವುದು ಇನ್ನೊಂದು.

ಹಾಗಾದರೆ ಏನು ಹಾಕಬೇಕು? ಕಂಪನಿಯ ಪುಸ್ತಕದಲ್ಲಿ ಹೇಳಿದ ಕೂಲಂಟ್. ಇದರಲ್ಲಿ ಎರಡು ಬಗೆ ಸಿಗುತ್ತದೆ. ಒಂದು ನೇರವಾಗಿ ಹಾಕುವಂಥದ್ದು, ಇನ್ನೊಂದು ನೀರು ಬೆರೆಸಬೇಕಾದ್ದು. ಡಬ್ಬದ ಮೇಲೆ ಬರೆದಿರುತ್ತದೆ, ಓದಿ ಅಥವಾ ಓದಿಸಿ. ಬೆರೆಸಬೇಕಾದ್ದನ್ನು ಸಾಮಾನ್ಯವಾಗಿ ಅರ್ಧಕ್ಕೆ ಅರ್ಧ ಬೆರೆಸುತ್ತಾರೆ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಅತ್ಯುತ್ತಮ. ತುರ್ತಿಗೆ ನಮ್ಮ ಪಂಚಾಯಿತಿಯ ಶುದ್ಧ ಕುಡಿಯುವ ನೀರಿನ ಘಟಕದ ನೀರೂ ಆಗುತ್ತದೆ. ಅದರಲ್ಲಿ ಸುಣ್ಣ ಪೂರ್ತಿ ಹೋಗಿರದಿದ್ದರೂ ಬೋರ್ ನೀರಿಗಿಂತ ಎಷ್ಟೋ ಮೇಲು. ಮೊದಲ ಮಳೆ ತೊಳೆದು ಹೋದ ಮೇಲೆ ಶುದ್ಧ ಪಾತ್ರೆಯಲ್ಲಿ ಹಿಡಿದು ಸೋಸಿದ ಮಳೆ ನೀರೂ ಮೆತ್ತನೆಯ ನೀರೇ.

"ನಮ್ಮೂರಲ್ಲಿ ಹಿಮ ಬೀಳುತ್ತಾ? ಕೂಲಂಟ್ ಯಾಕೆ, ಕಂಪನಿಯವರ ವ್ಯಾಪಾರ" ಅಂತ ಅನೇಕ ಡ್ರೈವರುಗಳು ಹೇಳುತ್ತಾರೆ. ನಮ್ಮ ಯಜಮಾನರೂ ಹೇಳಿದ್ದರು. ಹಿಮದ ದೇಶದಲ್ಲಿ ನೀರು ಗಡ್ಡೆ ಕಟ್ಟದಂತೆ ಅದು ಕಾಯುತ್ತದೆ ನಿಜ. ಆದರೆ ನಮಗೆ ಬೇಕಾದ್ದು ಅದರ ಉಳಿದ ಗುಣಗಳು. ಅದು ಒಳಗಡೆ ತುಕ್ಕು ತಡೆಯುತ್ತದೆ, ಬೇಗ ಕುದಿಯಲು ಬಿಡುವುದಿಲ್ಲ. ಬರೀ ನೀರು ಓಡಿದ ಇಂಜಿನ್ನಿನಿಂದ ಬರುವ ಕೆಂಪು ರಾಡಿಯನ್ನು ಒಮ್ಮೆ ನೋಡಿದರೆ ವಾದ ಮುಗಿಯುತ್ತದೆ.

ಕೂಲಂಟ್ ವಿಷ ಅನ್ನುವುದು ಮರೆಯಬೇಡಿ. ನೋಡಲು ಶರಬತ್ತಿನ ಹಾಗೆ ಹಸಿರು, ಕೆಂಪು. ರುಚಿ ಸಿಹಿ. ಮಗು, ನಾಯಿ, ಕರು ನೆಕ್ಕಿದರೆ ಪ್ರಾಣಕ್ಕೆ ಅಪಾಯ. ಖಾಲಿ ನೀರಿನ ಬಾಟಲಿಯಲ್ಲಿ ಅದನ್ನು ತುಂಬಿಡುವ ಅಭ್ಯಾಸವನ್ನು ಇವತ್ತೇ ಬಿಡಿ. ಯಾರಾದರೂ ಕುಡಿದರೆ ಮನೆಯಲ್ಲಿ ವಾಂತಿ ಮಾಡಿಸುತ್ತಾ ಕೂರದೆ, ಡಬ್ಬವನ್ನೂ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಓಡಿ.

ಹೊರಗಿನ ಸ್ವಚ್ಛತೆ

ಇದನ್ನು ನಾವೇ ಮಾಡಬಹುದು. ಸುಗ್ಗಿಯಲ್ಲಿ ಹೊಟ್ಟು, ಹುಲ್ಲಿನ ಧೂಳು, ಮಳೆಗಾಲದಲ್ಲಿ ಕೆಸರು, ರಾತ್ರಿ ಓಡುವ ಗಾಡಿಗೆ ಹುಳು ಹುಪ್ಪಟೆ ಎಲ್ಲಾ ರೇಡಿಯೇಟರಿನ ಎಲೆಗಳ ಸಂದಿಯಲ್ಲಿ ಸೇರಿಕೊಳ್ಳುತ್ತವೆ. ಒಳಗೆ ಎಷ್ಟು ಒಳ್ಳೆಯ ಕೂಲಂಟ್ ಇದ್ದರೂ ಗಾಳಿ ದಾಟದಿದ್ದರೆ ಪ್ರಯೋಜನವಿಲ್ಲ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಒಂದು ಕಡೆಯಿಂದ ಟಾರ್ಚ್ ಹಿಡಿದು ಇನ್ನೊಂದು ಕಡೆಯಿಂದ ನೋಡಿ. ಬೆಳಕು ಎಲ್ಲಿ ಕಾಣುವುದಿಲ್ಲವೋ ಅಲ್ಲಿ ಕಸ ಇದೆ.

ಮೊದಲು ಒಣ ಕಸವನ್ನು ಮೆತ್ತನೆಯ ಬ್ರಶ್‌ನಿಂದ ಎಲೆಗಳ ಉದ್ದಕ್ಕೆ ಉಜ್ಜಿ ತೆಗೆಯಿರಿ, ಅಡ್ಡ ಉಜ್ಜಬೇಡಿ. ಆಮೇಲೆ ನಲ್ಲಿಯ ಪೈಪಿನ ಸಾಧಾರಣ ನೀರನ್ನು ಇಂಜಿನ್ ಕಡೆಯಿಂದ ಮುಂದಕ್ಕೆ ಬಿಡಿ. ಕಸ ಬಂದದ್ದು ಮುಂದಿನಿಂದ, ಬಂದ ದಾರಿಯಲ್ಲೇ ಅದನ್ನು ವಾಪಸ್ ಕಳಿಸಬೇಕು. ಮುಂದಿನಿಂದ ನೀರು ಹೊಡೆದರೆ ಇನ್ನಷ್ಟು ಒಳಗೆ ಕೂರುತ್ತದೆ. ಡೈನಮೋ, ವೈರುಗಳಿಗೆ ಪ್ಲಾಸ್ಟಿಕ್ ಮುಚ್ಚಿ. ಎಣ್ಣೆ ಜಿಡ್ಡು ಇದ್ದರೆ ಸ್ವಲ್ಪ ಸೋಪು ನೀರು ಸಾಕು. ವಾಟರ್ ಸರ್ವೀಸಿನಲ್ಲಿ ಜೋರು ಪ್ರೆಶರ್ ಗನ್ ಹತ್ತಿರ ಹಿಡಿದು ಹೊಡೆಸಬೇಡಿ. ತೆಳು ತಗಡು ಮಡಚಿಕೊಂಡರೆ ಕಸಕ್ಕಿಂತ ಕೆಟ್ಟದಾಗಿ ಗಾಳಿ ತಡೆಯುತ್ತದೆ. ಟರ್ಬೋ ಗಾಡಿಗಳಲ್ಲಿ ರೇಡಿಯೇಟರಿನ ಮುಂದೆ ಇಂಟರ್‌ಕೂಲರ್ ಎಂಬ ಇನ್ನೊಂದು ಜಾಲರಿ ಇರುವುದು ಸಾಮಾನ್ಯ. ಅವೆರಡರ ನಡುವಿನ ಕಿರಿದಾದ ಸಂದಿಯಲ್ಲಿ ಸೇರುವ ಕಸ ಹೊರಗೆ ಕಾಣುವುದೇ ಇಲ್ಲ. ಅದನ್ನು ವರ್ಷಕ್ಕೊಮ್ಮೆ ಗ್ಯಾರೇಜಿನಲ್ಲಿ ಬಿಚ್ಚಿಸಿ ತೊಳೆಸಬೇಕು.

ಒಳಗಿನ ಸ್ವಚ್ಛತೆ

ಸಾಮಾನ್ಯ ಹಸಿರು ಕೂಲಂಟಿಗೆ ಹೆಚ್ಚೆಂದರೆ ಎರಡು ವರ್ಷ ಆಯಸ್ಸು. ಈಗ ಹೆಚ್ಚು ಕಾಲ ಬಾಳುವಂಥವೂ ಇವೆ, ಗಾಡಿಯ ಪುಸ್ತಕ ಹೇಳಿದಂತೆ ಬದಲಿಸಿ. ಬಣ್ಣ ಒಂದೇ ಇದೆ ಅಂತ ಬೇರೆ ಬೇರೆ ಕೂಲಂಟ್ ಬೆರೆಸಬೇಡಿ. ಬಣ್ಣ ಬರೀ ಬಣ್ಣ, ಒಳಗಿನ ರಸಾಯನ ಬೇರೆ ಇರಬಹುದು.

ಬದಲಿಸುವ ದಿನ ಇಂಜಿನ್ ಪೂರ್ತಿ ತಣ್ಣಗಿರಬೇಕು. ಕೆಳಗೆ ಅಗಲವಾದ ಟಬ್ ಇಟ್ಟು, ಮುಚ್ಚಳ ತೆಗೆದು, ರೇಡಿಯೇಟರಿನ ತಳದ ಡ್ರೈನ್ ತಿರುಪು ಸಡಿಲಿಸಿ. ಹೊರಬಂದದ್ದು ಎಷ್ಟು ಲೀಟರ್ ಅಂತ ಅಳೆದು ಬರೆದಿಡಿ. ಆ ಅಳತೆ ಆಮೇಲೆ ಬೇಕು. ತಿರುಪು ಬಿಗಿ ಮಾಡಿ, ಒಳ್ಳೆಯ ನೀರು ತುಂಬಿ, ಇಂಜಿನ್ ಚಾಲು ಮಾಡಿ ಮೇಲಿನ ಪೈಪು ಬಿಸಿಯಾಗುವ ತನಕ ಬಿಡಿ. ಪೈಪು ಬಿಸಿಯಾಯಿತು ಅಂದರೆ ಥರ್ಮೋಸ್ಟಾಟ್ ಬಾಗಿಲು ತೆರೆದು ನೀರು ಎಲ್ಲಾ ಕಡೆ ಸುತ್ತುತ್ತಿದೆ ಅಂತ ಅರ್ಥ. ಆರಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಬಸಿಯಿರಿ. ಬರುವ ನೀರು ತಿಳಿಯಾಗುವ ತನಕ ಹೀಗೆ ಎರಡು ಮೂರು ಸಲ. ಬಿಸಿ ಇಂಜಿನ್ನಿಗೆ ತಣ್ಣೀರು ಹೊಯ್ಯುವ ಅವಸರ ಬೇಡ. ಕಾದ ಹೆಂಚಿಗೆ ನೀರು ಚಿಮುಕಿಸಿದರೆ ಹೆಂಚು ಸೀಳುವ ಹಾಗೆ ಇಂಜಿನ್ನಿನ ಹೆಡ್ಡೂ ಬಿರುಕು ಬಿಡಬಹುದು. ಹಳ್ಳದ ನೀರು ಹೊಯ್ದು ನಮ್ಮ ಗಾಡಿಗೆ ಆ ಅಪಾಯವನ್ನೂ ತಂದಿದ್ದೆವು.

ಕೊನೆಗೆ ಕೂಲಂಟ್ ತುಂಬುವಾಗ ಹೊರಬಂದಷ್ಟೇ ಒಳಗೆ ಹೋಗಬೇಕು. ಆರು ಲೀಟರ್ ಬಂದು ನಾಲ್ಕೇ ಹೋಯಿತು ಅಂದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಮುಚ್ಚಳ ತೆಗೆದಿಟ್ಟೇ ಇಂಜಿನ್ ನಿಧಾನವಾಗಿ ಓಡಿಸಿ, ಗುಳ್ಳೆ ಬರುವುದು ನಿಲ್ಲುವ ತನಕ ಸ್ವಲ್ಪ ಸ್ವಲ್ಪ ತುಂಬಿಸಿ. ಈ ಕೆಲಸವನ್ನು ಮೊದಲ ಸಲ ತಿಳಿದವರ ಜೊತೆ ನಿಂತು ಕಲಿಯುವುದು ಒಳ್ಳೆಯದು.

ಹಂಡೆಗೆ ಹುಣಸೆಹಣ್ಣು ಹಾಕಿ ಉಜ್ಜುವ ನಾವು ರೇಡಿಯೇಟರಿಗೂ ಹುಳಿಯನ್ನೋ ಕಕ್ಕಸು ತೊಳೆಯುವ ಆಸಿಡನ್ನೋ ಹಾಕಿದರೆ ಹೇಗೆ ಅಂದುಕೊಳ್ಳಬಹುದು. ಬೇಡ. ಈಗಿನ ರೇಡಿಯೇಟರುಗಳು ಹೆಚ್ಚಾಗಿ ಅಲ್ಯುಮಿನಿಯಂ, ಆಸಿಡ್ ಅದನ್ನು ತಿಂದುಹಾಕುತ್ತದೆ. ಹಕ್ಕಳೆ ಕರಗಿಸುವ ರೇಡಿಯೇಟರ್ ಫ್ಲಶ್ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೂ ಜಗ್ಗದಿದ್ದರೆ ರೇಡಿಯೇಟರ್ ಅಂಗಡಿಗೆ ಒಯ್ಯಬೇಕು. ಹಳೆಯ ತಾಮ್ರ, ಹಿತ್ತಾಳೆಯ ರೇಡಿಯೇಟರಾದರೆ ತೊಟ್ಟಿ ಬಿಚ್ಚಿ, ಕೊಳವೆಗಳಲ್ಲಿ ಕಡ್ಡಿ ಆಡಿಸಿ, ಮತ್ತೆ ಬೆಸುಗೆ ಹಾಕಿ ಕೊಡುತ್ತಾರೆ. ನಮ್ಮದು ಹಾಗೇ ಉಳಿಯಿತು. ಪ್ಲಾಸ್ಟಿಕ್ ತೊಟ್ಟಿಯ ಅಲ್ಯುಮಿನಿಯಂ ರೇಡಿಯೇಟರಿನಲ್ಲಿ ಹಾಗೆ ಮಾಡುವುದು ಕಷ್ಟ, ಹೆಚ್ಚಾಗಿ ಹೊಸದೇ ಬೇಕಾಗುತ್ತದೆ.

ಬಸಿದ ಹಳೆ ಕೂಲಂಟನ್ನು ಚರಂಡಿಗೆ, ದನ ನೀರು ಕುಡಿಯುವ ಕಡೆಗೆ ಚೆಲ್ಲಬೇಡಿ. ಕ್ಯಾನಿನಲ್ಲಿ ತುಂಬಿ, ಹೆಸರು ಬರೆದು, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ವಿಚಾರಿಸಿ ಕೊಡಿ.

ಅಡುಗೆ ಮನೆಯ ಮದ್ದುಗಳು

ದಾರಿಯಲ್ಲಿ ಸಣ್ಣ ತೂತಿನಿಂದ ನೀರು ಸೋರಿದರೆ ಡ್ರೈವರುಗಳು ಅರಿಶಿನ ಪುಡಿ ಹಾಕುತ್ತಾರೆ, ಹೊರಗಿನಿಂದ ಸೋಪು ಮೆತ್ತುತ್ತಾರೆ. ಗ್ಯಾರೇಜು ಮುಟ್ಟುವ ತನಕ ಇದು ಕೆಲಸ ಮಾಡುವುದುಂಟು, ಸುಳ್ಳಲ್ಲ. ಆದರೆ ತೂತು ಮುಚ್ಚಿದ ಅರಿಶಿನವೇ ಒಳ್ಳೆಯ ಕೊಳವೆಗಳನ್ನೂ ಮುಚ್ಚುತ್ತದೆ. ಅಡುಗೆ ಮನೆಯಿಂದ ಅರಿಶಿನದ ಪೊಟ್ಟಣ ಗಾಡಿಗೆ ಹೋಗಿದ್ದು ಗೊತ್ತಾದರೆ ಆ ವಾರವೇ ಬೆಸುಗೆ ಹಾಕಿಸಿ, ಒಳಗೆ ತೊಳೆಸಿ ಅಂತ ಹಟ ಹಿಡಿಯಿರಿ. ಗಾಡಿ ಬೇಗ ಬಿಸಿಯಾಗುತ್ತೆ ಅಂತ ಥರ್ಮೋಸ್ಟಾಟನ್ನೇ ಕಿತ್ತೆಸೆಯುವುದೂ ಇದೇ ಜಾತಿಯ ಮದ್ದು. ಇಂಜಿನ್ ಬೇಗ ಕಾವಿಗೆ ಬರದೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಹೆಚ್ಚು.

ಬರೆದಿಟ್ಟರೆ ಗೊತ್ತಾಗುತ್ತದೆ

ಮುಚ್ಚಿದ ದಾರಿಯಲ್ಲಿ ಸುತ್ತುವ ನೀರು ತಾನಾಗಿ ಕಡಿಮೆಯಾಗಬಾರದು. ಆದರೆ ನಮ್ಮ ಗಾಡಿಯಲ್ಲಿ ಒಂದು ಚೊಂಬು ಅರ್ಧ ಕೊಡ ಆಗುವಷ್ಟು ಕಾಲ ಎಲ್ಲೋ ಹೋಗುತ್ತಿತ್ತು, ನಾವು ಬರೀ ತುಂಬಿಸುತ್ತಿದ್ದೆವು. ಈಗ ಸಂಘದ ಉಳಿತಾಯ ಪುಸ್ತಕದ ಹಾಗೆ ಗಾಡಿಗೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ಸೋಮವಾರ ಬೆಳಿಗ್ಗೆ, ತಣ್ಣಗಿರುವಾಗ, ಕೂಲಂಟ್ ಡಬ್ಬದ ಮೇಲಿನ ಎರಡು ಗೆರೆಗಳ ನಡುವೆ ಮಟ್ಟ ಎಲ್ಲಿದೆ, ಎಷ್ಟು ಹಾಕಿದೆ, ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಅಂತ ಬರೆಯುತ್ತೇನೆ. ಐದು ನಿಮಿಷದ ಕೆಲಸ.

ಮಟ್ಟ ಇಳಿಯುತ್ತಿದ್ದರೆ ನೋಡಬೇಕಾದ್ದು: ರಾತ್ರಿ ಗಾಡಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ತೊಟ್ಟು ಬಿದ್ದಿದೆಯೇ, ಪೈಪಿನ ಕ್ಲಿಪ್ಪಿನ ಹತ್ತಿರ ಹಸಿರೋ ಬಿಳಿಯೋ ಕಲೆ ಇದೆಯೇ, ರಬ್ಬರ್ ಪೈಪು ಉಬ್ಬಿದೆಯೇ, ಬಿರುಕು ಬಿಟ್ಟಿದೆಯೇ. ಇಂಜಿನ್ ನಿಂತಿರುವಾಗ ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚಿನಷ್ಟು ಬಗ್ಗಬಹುದು. ಅದಕ್ಕಿಂತ ಜೋತು ಬಿದ್ದಿದ್ದರೆ ಬಿಗಿ ಮಾಡಿಸಿ. ಹೊರಗೆ ಎಲ್ಲೂ ಸೋರದೆ ನೀರು ಕಡಿಮೆಯಾಗುತ್ತಾ, ಹೊಗೆ ಬೆಳ್ಳಗೆ ಬರುತ್ತಾ, ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಗುಮಾನಿ. ಆ ಗಾಡಿಯನ್ನು ಇನ್ನೊಂದು ಲೋಡಿಗೆ ಕಳಿಸಬೇಡಿ, ಬಾಡಿಗೆ ಎಷ್ಟೇ ಒಳ್ಳೆಯದಿರಲಿ. ನಾವು ಕಳಿಸಿದ್ದೆವು.

ದಾರಿಯಲ್ಲಿ ಮುಳ್ಳು ಕೆಂಪಿಗೆ ಹೋದರೆ ರಸ್ತೆಯ ಅಂಚಿಗೆ ತಂದು ಇಂಜಿನ್ ಆರಿಸಬೇಕು, ಗಾಲಿಗೆ ಕಲ್ಲು ಕೊಡಬೇಕು, ತಣ್ಣಗಾಗುವ ತನಕ ಕಾಯಬೇಕು. ಬಿಎಸ್-6 ಗಾಡಿಗಳಲ್ಲಿ, ಅಂದರೆ 2020ರ ಏಪ್ರಿಲ್ ನಂತರ ಬಂದವುಗಳಲ್ಲಿ, ಎಚ್ಚರಿಕೆಯ ದೀಪ ಉರಿದರೂ ಹಾಗೇ. ದೀಪದ ವೈರು ಕಿತ್ತು ಓಡಿಸುವ ಜಾಣರೂ ಇದ್ದಾರೆ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆದು ಹೋಗಲು ಹೇಳಿ, ಹಿಂದೆ ಬೈಕಿನಲ್ಲಿ ಬರುವವರೂ ಯಾರದೋ ಮನೆಯವರೇ.

ನಮ್ಮ ಗಾಡಿ ಈಗಲೂ ಶಿರಾಡಿ ಹತ್ತುತ್ತಿದೆ. ತಪ್ಪಿದ ಮೂರು ಕಂತನ್ನು ಸಂಘದವರು ಎಂಟು ತಿಂಗಳಿಗೆ ಹಂಚಿ ಠರಾವು ಬರೆದರು, ತೀರಿಸಿದ್ದೇನೆ.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಎರಡು ಸಣ್ಣ ಬಾಟಲಿ ತನ್ನಿ. ಒಂದರಲ್ಲಿ ನಿಮ್ಮ ಮನೆಯ ಬೋರ್ ನೀರು, ಇನ್ನೊಂದರಲ್ಲಿ ಮಳೆ ನೀರು ಅಥವಾ ಶುದ್ಧ ನೀರಿನ ಘಟಕದ ನೀರು, ಎರಡೂ ಅರ್ಧ ಅರ್ಧ. ಎರಡಕ್ಕೂ ಒಂದೇ ಅಳತೆಯ ಸೋಪಿನ ಚೂರು ಹಾಕಿ ಕುಲುಕೋಣ. ಮೆತ್ತನೆಯ ನೀರಿನಲ್ಲಿ ನೊರೆ ತುಂಬಿ ನಿಲ್ಲುತ್ತದೆ. ಗಡಸು ನೀರಿನಲ್ಲಿ ನೊರೆ ಬಾರದೆ ಬಿಳಿ ಗಷ್ಟು ತೇಲುತ್ತದೆ. ಯಾರ ಮನೆಯ ನೀರು ಹೇಗಿದೆ ಅಂತ ಅಲ್ಲೇ ಬರೆದುಕೊಳ್ಳೋಣ. ಗಾಡಿ ಇಲ್ಲದವರೂ ತನ್ನಿ, ಹಂಡೆ ಎಲ್ಲರ ಮನೆಯಲ್ಲೂ ಇದೆ.